ಒತ್ತಡವನ್ನು ಉದ್ದದಲ್ಲಿ ಅಳೆದವರು

ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದವರು ಚೀಟಿಯ ಮೇಲೆ 120/80 ಎಂದು ಬರೆಯುತ್ತಾರೆ. ಅದು ಪಾದರಸದ ಮಿಲಿಮೀಟರ್ ಲೆಕ್ಕ. ಪಂಕ್ಚರ್ ಅಂಗಡಿಯಲ್ಲಿ ಹಿಂದಿನ ಚಕ್ರಕ್ಕೆ 32 ಹಾಕಿ ಎಂದರೆ ಅದು ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ವರದಿಯಲ್ಲಿ ಬರುವುದು ಹೆಕ್ಟೋಪ್ಯಾಸ್ಕಲ್. ಅಕ್ಕಿ ಗಿರಣಿಯ ಬಾಯ್ಲರಿನ ಗೇಜಿನ ಮೇಲೆ ಚದರ ಸೆಂಟಿಮೀಟರಿಗೆ ಕಿಲೋಗ್ರಾಂ ಎಂದಿರುತ್ತದೆ. ಕೊಳವೆಬಾವಿಗೆ ಮೋಟಾರು ಕೊಳ್ಳಲು ಹೋದ ರೈತನನ್ನು ಅಂಗಡಿಯವರು ಎಷ್ಟು ಹೆಡ್ ಬೇಕೆಂದು ಕೇಳುವುದು ಅಡಿಯಲ್ಲಿ ಇಲ್ಲವೇ ಮೀಟರಿನಲ್ಲಿ. ಇವರೆಲ್ಲರೂ ಅಳೆಯುತ್ತಿರುವುದು ಒಂದನ್ನೇ. ಶಾಲೆಯ ಪುಸ್ತಕವಾದರೋ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ, ಅದರ ಏಕಮಾನ ಪ್ಯಾಸ್ಕಲ್ ಎಂದು ಒಂದೇ ಸಾಲಿನಲ್ಲಿ ಮಾತು ಮುಗಿಸುತ್ತದೆ. ಹಾಗೆ ಕಲಿತವರಿಗೆ ಉಳಿದ ಮಾನಗಳೆಲ್ಲ ಗುಡಿಸಿ ಹಾಕದೆ ಉಳಿದ ಹಳೆಯ ಕಸದಂತೆ ಕಾಣುವುದು ಸಹಜ. ಆದರೆ ಈ ವಿದ್ಯೆ ಬೆಳೆದ ಬಗೆಯನ್ನು ನೋಡಿದರೆ ಬೇರೆಯೇ ಕಥೆ ತೆರೆದುಕೊಳ್ಳುತ್ತದೆ. ಒತ್ತಡವೆಂದರೇನು ಎಂದು ಮೊದಲು ತಿಳಿದುಕೊಂಡು ಆಮೇಲೆ ಅದಕ್ಕೊಂದು ಅಳತೆ ಹುಡುಕಿದ್ದಲ್ಲ. ಮೊದಲು ಅಳತೆಯೊಂದು ಕೈಗೆ ಸಿಕ್ಕಿತು, ಅದೂ ಉದ್ದದ ಅಳತೆ. ಅದರ ಬೆನ್ನು ಹತ್ತಿ ಹೋದವರಿಗೆ ಒತ್ತಡ ಅರ್ಥವಾಯಿತು. ಇಂದಿಗೂ ನಾವು ಬಳಸುವ ಬಗೆಬಗೆಯ ಮಾನಗಳು ಆ ದಾರಿಯಲ್ಲಿ ಯಾವ ಕಸುಬಿನವರು ಏನನ್ನು ಕಣ್ಣಾರೆ ಕಂಡರು ಎಂಬುದರ ದಾಖಲೆಗಳು.

ಈ ಅಳತೆ ಮೊದಲು ಸಿಕ್ಕಿದ್ದು ಪಂಡಿತರಿಗಲ್ಲ, ಪಂಪು ಕಟ್ಟುವವರಿಗೆ. ಜರ್ಮನಿಯ ಗಣಿನಾಡಿನಲ್ಲಿ ವೈದ್ಯನಾಗಿದ್ದ ಅಗ್ರಿಕೋಲ ಬರೆದ ಗಣಿಗಾರಿಕೆಯ ದೊಡ್ಡ ಗ್ರಂಥ 1556ರಲ್ಲಿ ಅಚ್ಚಾಯಿತು. ಅದರ ಚಿತ್ರಗಳಲ್ಲಿ ಆಳದ ಗಣಿಯಿಂದ ನೀರೆತ್ತಲು ಪಂಪುಗಳನ್ನು ಒಂದರ ಮೇಲೊಂದು ಮೆಟ್ಟಿಲಿನಂತೆ ಜೋಡಿಸಿರುವುದು ಕಾಣುತ್ತದೆ. ಕೆಳಗಿನ ಪಂಪು ನೀರನ್ನೆಳೆದು ಒಂದು ತೊಟ್ಟಿಗೆ ಸುರಿಯುತ್ತದೆ, ಆ ತೊಟ್ಟಿಯಿಂದ ಮೇಲಿನದು ಎಳೆದುಕೊಳ್ಳುತ್ತದೆ. ಒಂದೇ ಪಂಪು ಎಷ್ಟು ಎತ್ತರಕ್ಕಾದರೂ ನೀರನ್ನು ಎಳೆಯುವಂತಿದ್ದರೆ ಇಷ್ಟೆಲ್ಲ ಮರ, ಕಬ್ಬಿಣ, ಕೂಲಿಯ ಖರ್ಚು ಯಾರೂ ಮಾಡುತ್ತಿರಲಿಲ್ಲ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಸಂವಾದ ರೂಪದ ಪುಸ್ತಕದಲ್ಲಿ ಈ ಮಿತಿಗೆ ಒಂದು ಅಂಕಿ ಸಿಗುತ್ತದೆ. ಕೆಟ್ಟಿದೆಯೆಂದು ತಿಳಿದು ಪಂಪಿನ ರಿಪೇರಿಗೆ ಕರೆಸಿದ ಕುಶಲಕರ್ಮಿಯೊಬ್ಬ, ದೋಷ ಪಂಪಿನದಲ್ಲ, ನೀರು 18 ಬ್ರಾಚ್ಚಿಗಿಂತ ಕೆಳಗಿಳಿದಿದೆ, ಯಾವ ಪಂಪೂ ಅಷ್ಟು ಆಳದಿಂದ ಎಳೆಯದು ಎಂದು ಹೇಳಿ ಹೋಗುತ್ತಾನೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು ಹತ್ತೂವರೆ ಮೀಟರ್. ಗೆಲಿಲಿಯೋ ಈ ಅಂಕಿಯನ್ನು ಒಪ್ಪಿಕೊಂಡ, ಕಾರಣವನ್ನು ಮಾತ್ರ ತಪ್ಪಾಗಿ ಊಹಿಸಿದ. ತೂಗುಬಿಟ್ಟ ಉದ್ದನೆಯ ಹಗ್ಗ ತನ್ನ ಭಾರಕ್ಕೆ ತಾನೇ ಹರಿದುಹೋಗುವಂತೆ ಮೇಲಿನಿಂದ ಎಳೆದ ನೀರಿನ ಕಂಬವೂ ತುಂಡಾಗುತ್ತದೆ ಎಂದು ಅವನು ವಿವರಿಸಿದ. ಯುಗದ ಅತಿ ಚುರುಕಾದ ಬುದ್ಧಿಯೂ ಇಲ್ಲಿ ಕೆಲಸಗಾರನ ಅಳತೆಯ ಹಿಂದೆ ಉಳಿಯಿತು ಎಂಬುದನ್ನು ಗಮನಿಸಬೇಕು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಗಾಳಿಗೆ ತೂಕವಿದೆ, ಅದು ಒತ್ತುವುದರಿಂದಲೇ ಪಂಪಿನಲ್ಲಿ ನೀರು ಏರುತ್ತದೆ ಎಂಬ ವಿಚಾರ ಯಾವ ಅಳತೆಯೂ ಇಲ್ಲದೆಯೇ ಹುಟ್ಟಿತ್ತಲ್ಲ? ಹೌದು, ಹುಟ್ಟಿತ್ತು. ಮೇಣದಬತ್ತಿ ಮಾಡುವ, ನೀರಿನ ಕೊಳವೆ ಜೋಡಿಸುವ ಕಸುಬಿನಲ್ಲಿ ಪಳಗಿದ್ದ ಡಚ್ಚರ ಐಸಾಕ್ ಬೀಕ್ಮನ್ 1610ರ ದಶಕದಲ್ಲೇ ಹೀಗೆ ಯೋಚಿಸಿದ್ದ. ಜಿನೋವಾದ ಬಾಲಿಯಾನಿ 1630ರಲ್ಲಿ ಗೆಲಿಲಿಯೋಗೆ ಪತ್ರ ಬರೆದು, ಗುಡ್ಡದ ಮೇಲಿನಿಂದ ನೀರು ದಾಟಿಸಲು ತಾನು ಹಾಕಿದ ಸೈಫನ್ ಏಕೆ ಹರಿಯಲಿಲ್ಲವೆಂದು ಕೇಳಿದ. ಗಾಳಿಯ ಭಾರಕ್ಕೂ ಇದಕ್ಕೂ ಸಂಬಂಧವಿರಬೇಕೆಂಬ ತರ್ಕವನ್ನೂ ಮುಂದಿಟ್ಟ. ಆದರೆ ಈ ಸರಿಯಾದ ವಿಚಾರ ಮೂವತ್ತು ವರ್ಷ ಕಾಲ ಯಾರ ಮನಸ್ಸನ್ನೂ ತಿರುಗಿಸಲಿಲ್ಲ. ಪ್ರಕೃತಿ ಶೂನ್ಯವನ್ನು ಸಹಿಸದು, ಖಾಲಿಯಾಗಬಹುದಾದ ಜಾಗವನ್ನು ತುಂಬಲು ನೀರು ತಾನೇ ಏರುತ್ತದೆ ಎಂಬ ಅರಿಸ್ಟಾಟಲ್ ಪರಂಪರೆಯ ವಿವರಣೆಯೂ ಅಷ್ಟೇ ಚೆನ್ನಾಗಿ ಒಗ್ಗುತ್ತಿತ್ತು. ಎರಡರಲ್ಲಿ ಒಂದನ್ನು ಆರಿಸಲು ಬೇಕಾಗಿದ್ದದ್ದು ಇನ್ನೊಂದು ಮಾತಲ್ಲ. ಹೆಚ್ಚು ಕಡಿಮೆಯಾಗಬಲ್ಲ, ಜಾಗದಿಂದ ಜಾಗಕ್ಕೆ ಹೋಲಿಸಬಲ್ಲ ಒಂದು ಅಳತೆ ಬೇಕಾಗಿತ್ತು. 1640ರ ಆಸುಪಾಸಿನಲ್ಲಿ ರೋಮಿನ ಗಾಸ್ಪಾರೊ ಬೆರ್ತಿ ತನ್ನ ಮನೆಯ ಮುಂಗೋಡೆಗೆ ಹತ್ತು ಮೀಟರಿಗೂ ಉದ್ದದ ಸೀಸದ ಕೊಳವೆ ನಿಲ್ಲಿಸಿ ನೀರು ತುಂಬಿ ಕೆಳಗಿನ ಬಾಯಿ ತೆರೆದಾಗ ನೀರು ಒಂದಷ್ಟು ಇಳಿದು ನಿಂತಿತು. ಪಂಪು ಕಟ್ಟುವವರು ಹೇಳುತ್ತಿದ್ದ ಎತ್ತರ ಪಂಪಿಲ್ಲದೆಯೂ ನಿಂತಿತು.

ಇವಾಂಜೆಲಿಸ್ತಾ ಟೊರಿಸೆಲ್ಲಿ ಮಾಡಿದ್ದು ಈ ಕೊಳವೆಯನ್ನು ಮೇಜಿನ ಮೇಲೆ ತರುವ ಕೆಲಸ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾದರೆ ಕಂಬವೂ ಅಷ್ಟೇ ಪಾಲು ಗಿಡ್ಡವಾಗಬೇಕು. ಫ್ಲಾರೆನ್ಸಿನಲ್ಲಿ ಅವನ ಸೂಚನೆಯಂತೆ ವಿವಿಯಾನಿ ಪ್ರಯೋಗ ಮಾಡಿದ. ಒಂದು ತುದಿ ಮುಚ್ಚಿದ, ಎರಡು ಮೊಳದಷ್ಟು ಉದ್ದದ ಗಾಜಿನ ಕೊಳವೆಗೆ ಪಾದರಸ ತುಂಬಿ, ಬೆರಳಿನಿಂದ ಬಾಯಿ ಮುಚ್ಚಿ, ಪಾದರಸದ ಬೋಗುಣಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ ಬೆರಳು ತೆಗೆದರೆ ಕಂಬ ಸುಮಾರು 76 ಸೆಂಟಿಮೀಟರಿನಲ್ಲಿ ನಿಲ್ಲುತ್ತದೆ. 1644ರ ಜೂನ್ 11ರಂದು ರೋಮಿನ ಗೆಳೆಯ ರಿಚ್ಚಿಗೆ ಬರೆದ ಪತ್ರದಲ್ಲಿ ಟೊರಿಸೆಲ್ಲಿ, ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ಬದುಕುವವರು ಎಂಬ ಅರ್ಥದ ಪ್ರಸಿದ್ಧ ಮಾತು ಹೇಳಿದ. ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ, ಅದನ್ನು ನೆನೆಯುವವರು ಕಡಿಮೆ. ಸುಮ್ಮನೆ ಶೂನ್ಯವನ್ನು ಉಂಟುಮಾಡಿ ತೋರಿಸುವುದು ತನ್ನ ಉದ್ದೇಶವಲ್ಲ, ಗಾಳಿ ಒಮ್ಮೆ ಭಾರವಾಗಿ ಒಮ್ಮೆ ಹಗುರವಾಗಿ ಬದಲಾಗುವುದನ್ನು ತೋರಿಸುವ ಉಪಕರಣ ಬೇಕಾಗಿತ್ತು ಎಂದು ಅವನು ಬರೆದಿದ್ದಾನೆ. ಅಂದರೆ ಅವನ ಕಣ್ಣು ಮೊದಲಿನಿಂದಲೂ ಅಳತೆಯ ಮೇಲಿತ್ತು.

ಪತ್ರದಲ್ಲಿ ಎರಡು ಕೊಳವೆಗಳ ಚಿತ್ರವಿದೆ. ಒಂದು ಉದ್ದಕ್ಕೂ ಸಮನಾಗಿದೆ, ಇನ್ನೊಂದರ ಮೇಲ್ತುದಿಯಲ್ಲಿ ಗಾಜಿನ ದೊಡ್ಡ ಬುರುಡೆಯಿದೆ. ಮೇಲಿನ ಶೂನ್ಯವೇ ಪಾದರಸವನ್ನು ಹಿಡಿದೆಳೆಯುವುದಾದರೆ ದೊಡ್ಡ ಶೂನ್ಯವಿರುವ ಬುರುಡೆ ಹೆಚ್ಚು ಎಳೆಯಬೇಕಿತ್ತು. ಎರಡರಲ್ಲೂ ಪಾದರಸ ಒಂದೇ ಮಟ್ಟದಲ್ಲಿ ನಿಂತಿತು. ಇಡೀ ವಿಷಯದ ತಿರುಳು ಇಲ್ಲಿದೆ. ಕೊಳವೆಯನ್ನು ಎರಡು ಪಟ್ಟು ಅಗಲ ಮಾಡಿದರೆ ಪಾದರಸದ ತೂಕ ಹೆಚ್ಚುತ್ತದೆ, ಆದರೆ ಆ ತೂಕ ಕೂರುವ ತಳವೂ ಅಷ್ಟೇ ಹೆಚ್ಚುತ್ತದೆ. ಒಂದು ಇನ್ನೊಂದನ್ನು ಹೊಡೆದುಹಾಕಿ ಉಳಿಯುವುದು ಎತ್ತರ ಮಾತ್ರ. ತೂಕ ಬೇರೆ, ಒತ್ತಡ ಬೇರೆ ಎಂಬುದನ್ನು ಬಾಯಲ್ಲಿ ಎಷ್ಟು ವಿವರಿಸಿದರೂ ಮನಸ್ಸಿಗೆ ಇಳಿಯುವುದು ಕಷ್ಟ. ಸಣ್ಣ ಕೊಳವೆ, ದೊಡ್ಡ ಕೊಳವೆ ಎರಡೂ ಒಂದೇ ಗೆರೆಗೆ ನಿಂತಾಗ ಅದು ತಾನಾಗಿ ಇಳಿಯುತ್ತದೆ. ಒತ್ತಡಕ್ಕೆ ಉದ್ದದ ಮಾನ ಒಗ್ಗಿದ್ದು ಈ ಗುಣದಿಂದ, ಯಾರದೋ ಅನುಕೂಲಕ್ಕಾಗಿ ಅಲ್ಲ.

ಈ ಅಳತೆ ಫ್ರಾನ್ಸಿಗೆ ದಾಟಿದ ಬಗೆಯಲ್ಲಿ ಕಸುಬುದಾರರ ಪಾಲು ಇನ್ನೂ ಸ್ಪಷ್ಟವಾಗಿದೆ. ಇಟಲಿಯಿಂದ ಸುದ್ದಿ ತಂದ ಪಾದ್ರಿ ಮೆರ್ಸೆನ್ ಪ್ಯಾರಿಸಿನಲ್ಲಿ ಪ್ರಯೋಗ ಮಾಡಹೋಗಿ ಸೋತ, ಪಾದರಸದ ಭಾರ ತಡೆಯುವ ಗಾಜಿನ ಕೊಳವೆ ಅಲ್ಲಿ ಸಿಗಲಿಲ್ಲ. ರುವಾನ್ ಪಟ್ಟಣದಲ್ಲಿ ಒಳ್ಳೆಯ ಗಾಜಿನ ಕುಲುಮೆಗಳಿದ್ದವು, ಬ್ಲೇಸ್ ಪ್ಯಾಸ್ಕಲ್ ಇದ್ದದ್ದೂ ಅಲ್ಲೇ. 1646ರಲ್ಲಿ ಅವನು ಪಿಯೆರ್ ಪೆಟಿಯ ಜೊತೆಗೆ ಪ್ರಯೋಗವನ್ನು ಮಾಡಿ ನೋಡಿದ. ಬಳಿಕ 46 ಅಡಿ ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿ, ಹಡಗಿನ ಕೂವೆಮರಕ್ಕೆ ಕಟ್ಟಿ, ಊರ ಜನರ ಮುಂದೆ ಎತ್ತಿ ನಿಲ್ಲಿಸಿದ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಕೆಂಪು ದ್ರಾಕ್ಷಾರಸ. ಕೊಳವೆಯ ತುದಿಯ ಖಾಲಿ ಜಾಗದಲ್ಲಿ ದ್ರವದಿಂದೆದ್ದ ಆವಿ ತುಂಬಿಕೊಂಡು ಕಂಬವನ್ನು ಕೆಳಗೆ ತಳ್ಳುತ್ತದೆ ಎಂಬುದು ಶೂನ್ಯವನ್ನು ಒಪ್ಪದವರ ವಾದ. ಅದು ನಿಜವಾದರೆ ನೀರಿಗಿಂತ ಬೇಗ ಆವಿಯಾಗುವ ದ್ರಾಕ್ಷಾರಸ ಕೆಳಗೆ ನಿಲ್ಲಬೇಕು. ಗಾಳಿಯ ಭಾರಕ್ಕೆ ದ್ರವದ ಭಾರ ಸಮತೂಕ ಎಂಬುದು ನಿಜವಾದರೆ ನೀರಿಗಿಂತ ಹಗುರವಾದ ದ್ರಾಕ್ಷಾರಸ ಮೇಲೆ ನಿಲ್ಲಬೇಕು. ಅದು ಮೇಲೆ ನಿಂತಿತು. ಎಷ್ಟು ಮೇಲೆ ಎಂಬುದೂ ಎರಡರ ಸಾಂದ್ರತೆಯ ಲೆಕ್ಕಕ್ಕೆ ಕೂಡಿಬಂತು. ವಾದದಲ್ಲಿ ಬಗೆಹರಿಯದ್ದನ್ನು ಎರಡು ಗೆರೆಗಳ ನಡುವಿನ ಅಂತರ ಬಗೆಹರಿಸಿದ ಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಎರಡನೆಯದು ಇದಕ್ಕಿಂತ ದೊಡ್ಡದು. 1647ರ ನವೆಂಬರಿನಲ್ಲಿ ಪ್ಯಾಸ್ಕಲ್ ತನ್ನ ಅಕ್ಕನ ಗಂಡ ಫ್ಲೋರಾನ್ ಪೆರಿಯೆಗೆ ಪತ್ರ ಬರೆದು, ಕ್ಲೇರ್ಮೋನ್ ಪಟ್ಟಣದ ಪಕ್ಕದ ಪ್ಯುಯಿ ದ ಡೋಮ್ ಬೆಟ್ಟದ ಬುಡದಲ್ಲೂ ನೆತ್ತಿಯಲ್ಲೂ ಪಾದರಸದ ಎತ್ತರ ಅಳೆಯುವಂತೆ ಕೇಳಿಕೊಂಡ. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಊರಿನ ಪಾದ್ರಿಗಳನ್ನೂ ಗಣ್ಯರನ್ನೂ ಸಾಕ್ಷಿಗೆ ಕರೆದುಕೊಂಡು ಹೊರಟ. ಮೊದಲು ಊರಿನ ತಗ್ಗಿನಲ್ಲಿದ್ದ ಮಠವೊಂದರ ತೋಟದಲ್ಲಿ ಎರಡು ಕೊಳವೆಗಳನ್ನು ಅಕ್ಕಪಕ್ಕ ನಿಲ್ಲಿಸಿ ಎರಡೂ ಒಂದೇ ಅಂಕಿ ತೋರುತ್ತವೆಂದು ಖಚಿತಪಡಿಸಿಕೊಂಡರು: 26 ಇಂಚು ಮೂರೂವರೆ ಗೆರೆ (ಗೆರೆಯೆಂದರೆ ಇಲ್ಲಿ ಇಂಚಿನ ಒಂದು ಸಣ್ಣ ಪಾಲು). ಒಂದನ್ನು ಅಲ್ಲೇ ಬಿಟ್ಟು, ದಿನವಿಡೀ ಅದರ ಮೇಲೆ ಕಣ್ಣಿಡುವಂತೆ ಮಠದ ಪಾದ್ರಿ ಶಾಸ್ತಾನ್‌ಗೆ ಒಪ್ಪಿಸಿ, ಇನ್ನೊಂದನ್ನು ಹೊತ್ತು ಬೆಟ್ಟ ಹತ್ತಿದರು. ನೆತ್ತಿಯಲ್ಲಿ ಪಾದರಸ ನಿಂತದ್ದು 23 ಇಂಚು 2 ಗೆರೆಗೆ. ಸುಮಾರು ಒಂದು ಸಾವಿರ ಮೀಟರ್ ಏರಿದ್ದಕ್ಕೆ ಇಂದಿನ ಲೆಕ್ಕದಲ್ಲಿ ಎಂಟೂವರೆ ಸೆಂಟಿಮೀಟರ್ ಇಳಿಕೆ. ಬಯಲಿನಲ್ಲಿ, ಅಲ್ಲಿದ್ದ ಗುಡಿಯೊಳಗೆ, ಗಾಳಿ ಬೀಸುವಾಗ, ಮಂಜು ಕವಿದಾಗ ಎಂದು ಐದು ಬಾರಿ ಅಳೆದರು, ಅದೇ ಅಂಕಿ. ಇಳಿದು ಬರುವಾಗ ನಡುದಾರಿಯಲ್ಲಿ ಅಳೆದರೆ ನಡುವಿನ ಅಂಕಿ ಬಂತು. ಕೆಳಗಿನ ಕೊಳವೆ ದಿನವಿಡೀ ಅಲುಗಿರಲಿಲ್ಲ. ಮರುದಿನ ಊರಿನ ಕೆಥೆಡ್ರಲ್ ಗೋಪುರದ ತುದಿಗೆ ಒಯ್ದರು, ಅಲ್ಲೂ ಒಂದೆರಡು ಗೆರೆಯಷ್ಟು ಇಳಿಯಿತು. ಪ್ರಕೃತಿಗೆ ಶೂನ್ಯದ ಮೇಲೆ ದ್ವೇಷವಿದ್ದರೆ ಆ ದ್ವೇಷ ಬೆಟ್ಟದ ಬುಡಕ್ಕಿಂತ ನೆತ್ತಿಯಲ್ಲಿ ಕಡಿಮೆಯಾಗಲು ಕಾರಣವೇನು ಎಂಬ ಪ್ರಶ್ನೆಗೆ ಆಮೇಲೆ ಯಾರ ಬಳಿಯೂ ನೇರ ಉತ್ತರ ಇರಲಿಲ್ಲ. ಒಂದು ಕೊಳವೆಯನ್ನು ಕೆಳಗೆ ಕಾವಲಿಟ್ಟು ಹೋದ ಆ ಎಚ್ಚರಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆ ದಿನ ಹವೆಯೇ ಬದಲಾಗಿ ಪಾದರಸ ಇಳಿದಿರಬಹುದು ಎಂಬ ಅನುಮಾನವನ್ನು ಎದುರಾಳಿ ಎತ್ತುವ ಮೊದಲೇ ಅವರು ಮುಚ್ಚಿಹಾಕಿದ್ದರು.

ಅಳತೆಗಿಂತ ಪ್ರದರ್ಶನವೇ ಜನರನ್ನು ಒಪ್ಪಿಸಿತು ಎನ್ನುವವರು ಮಾಗ್ಡೆಬರ್ಗ್ ಪಟ್ಟಣದ ಮೇಯರ್ ಓಟೊ ಫಾನ್ ಗೆರಿಕೆಯನ್ನು ಮುಂದಿಡುತ್ತಾರೆ. 1657ರಲ್ಲಿ ಅವನು ಅರ್ಧ ಮೀಟರ್ ಅಗಲದ ಎರಡು ಲೋಹದ ಅರೆಗೋಳಗಳನ್ನು ಜೋಡಿಸಿ, ತಾನೇ ರೂಪಿಸಿದ ಪಂಪಿನಿಂದ ಒಳಗಿನ ಗಾಳಿ ತೆಗೆದು, ಎರಡು ಕಡೆಗೂ ಎಂಟೆಂಟು ಕುದುರೆ ಕಟ್ಟಿ ಎಳೆಸಿದ. ಅದು ಜಗತ್ತೆಲ್ಲ ಮಾತನಾಡಿಕೊಂಡ ಪ್ರಯೋಗ, ಅದರ ಮಹತ್ವವನ್ನು ಕಡಿಮೆ ಮಾಡುವ ಕಾರಣವಿಲ್ಲ. ಆದರೆ ಕುದುರೆಗಳಿಂದ ಒತ್ತಡ ದೊಡ್ಡದು ಎಂದಷ್ಟೇ ಗೊತ್ತಾಗುತ್ತದೆ. ಅಷ್ಟು ಅಗಲದ ಗೋಳವನ್ನು ಬಿಡಿಸಲು ಸುಮಾರು ಎರಡು ಟನ್ ತೂಕ ನೇತುಹಾಕಬೇಕು ಎಂದು ಲೆಕ್ಕ ಹಾಕಬೇಕಾದರೆ ಮತ್ತೆ ಪಾದರಸದ ಕಂಬಕ್ಕೇ ಬರಬೇಕು. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ ಎರಡನ್ನೂ ಸೇರಿಸಿದ. ರಾಬರ್ಟ್ ಹುಕ್ ಕಟ್ಟಿಕೊಟ್ಟ ಪಂಪಿನ ಗಾಜಿನ ಪಾತ್ರೆಯೊಳಗೆ ಟೊರಿಸೆಲ್ಲಿಯ ಕೊಳವೆಯನ್ನಿಟ್ಟು ಗಾಳಿ ತೆಗೆಯುತ್ತ ಹೋದಂತೆ ಪಾದರಸ ಹಂತಹಂತವಾಗಿ ಇಳಿಯಿತು, ಗಾಳಿ ಬಿಟ್ಟಾಗ ಏರಿತು. ಇಷ್ಟಾದರೂ ಜೆಸುಯಿಟ್ ಪಂಡಿತ ಲೈನಸ್ 1661ರಲ್ಲಿ ಎದುರು ನಿಂತ. ಪಾದರಸದ ತುದಿಯಿಂದ ಕಾಣದ ಎಳೆಯೊಂದು ಹೊರಟು ಕಂಬವನ್ನು ಮೇಲಕ್ಕೆ ಎಳೆದು ಹಿಡಿದಿದೆ. ಬೇಕಾದರೆ ಎರಡೂ ಕಡೆ ತೆರೆದ ಕೊಳವೆಯ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ನೋಡಿ, ಬೆರಳಿನ ಚರ್ಮ ಒಳಕ್ಕೆ ಎಳೆದುಕೊಂಡಂತೆ ಆಗುತ್ತದೆ ಎಂಬುದು ಅವನ ವಾದ. ಇದನ್ನು ತಳ್ಳಿಹಾಕಲು ಬಾಯ್ಲ್ ಇಂಗ್ಲಿಷ್ ಜೆ ಅಕ್ಷರದಂತೆ ಬಾಗಿಸಿದ ಕೊಳವೆಯ ಗಿಡ್ಡ ತೋಳಿನಲ್ಲಿ ಗಾಳಿ ಸಿಕ್ಕಿಸಿ, ಉದ್ದ ತೋಳಿಗೆ ಪಾದರಸ ಸುರಿಯುತ್ತ ಹೋದ. 29 ಇಂಚು ಸುರಿದಾಗ ಒಳಗಿನ ಗಾಳಿ ಅರ್ಧಕ್ಕೆ ಕುಗ್ಗಿತು. ಎಳೆಯ ಅಗತ್ಯವೇ ಇಲ್ಲದೆ ಗಾಳಿ ತಾನೇ ಅಷ್ಟು ಭಾರವನ್ನು ಹೊರಬಲ್ಲದು ಎಂದಾಯಿತು. 1662ರಲ್ಲಿ ಪ್ರಕಟವಾದ ಆ ಕೋಷ್ಟಕವೇ ಶಾಲೆಯಲ್ಲಿ ಕಲಿಯುವ ಬಾಯ್ಲನ ನಿಯಮ. ಅದರ ಉದ್ದಕ್ಕೂ ಒತ್ತಡವೆಂದರೆ ಪಾದರಸದ ಇಂಚುಗಳು, ಬೇರೇನೂ ಅಲ್ಲ.

ಮುಂದಿನ ಇನ್ನೂರು ವರ್ಷ ಈ ಇಂಚುಗಳನ್ನು ಕಾಪಾಡಿದವರು ಹಡಗಿನವರು ಮತ್ತು ಹವಾಮಾನ ನೋಡುವವರು. ಕಲ್ಕತ್ತೆಯ ಹೆನ್ರಿ ಪಿಡಿಂಗ್ಟನ್ ಹಡಗುಗಳ ದಿನಚರಿಯಲ್ಲಿ ಬರೆದಿಟ್ಟ ವಾಯುಭಾರದ ಅಂಕಿಗಳನ್ನು ಕೂಡಿಸಿ ಬಂಗಾಳ ಕೊಲ್ಲಿಯ ಚಂಡಮಾರುತಗಳು ಸುತ್ತುತ್ತ ಸಾಗುವ ಬಗೆಯನ್ನು ಬಿಡಿಸಿಟ್ಟ. 1864ರಲ್ಲಿ ಕಲ್ಕತ್ತೆಯನ್ನು ಹೊಡೆದ ಚಂಡಮಾರುತ, ಅದರ ಹಿಂದೆಯೇ ಬಂದ ಬರಗಾಲಗಳು 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಲು ಕಾರಣವಾದವು. ವೀಕ್ಷಣಾಲಯಗಳಲ್ಲಿ ಬಳಸಿದ ಫೋರ್ಟಿನ್ ವಾಯುಭಾರಮಾಪಕವನ್ನು ಓದುವುದೇ ಒಂದು ಕೈಕಸುಬು. ಮೊದಲು ಪಕ್ಕದ ಥರ್ಮಾಮೀಟರನ್ನು ನೋಡಿಕೊಳ್ಳಬೇಕು, ತಡವಾದರೆ ನೋಡುವವನ ಮೈಕಾವಿಗೇ ಅದು ಏರುತ್ತದೆ. ಆಮೇಲೆ ತಳದ ತಿರುಪನ್ನು ತಿರುಗಿಸಿ, ತೊಟ್ಟಿಯ ಪಾದರಸದ ಮೈ ಮೇಲಿನಿಂದ ಇಳಿಬಿಟ್ಟ ದಂತದ ಮೊನೆಗೆ ತಾಗುವಂತೆ ಮಾಡಬೇಕು. ಮೊನೆಯೂ ಕನ್ನಡಿಯಂಥ ಪಾದರಸದಲ್ಲಿ ಕಾಣುವ ಅದರ ಬಿಂಬವೂ ಕೂಡಿದಾಗ ನಿಲ್ಲಿಸಬೇಕು. ಮೊನೆಯ ಸುತ್ತ ಗುಳಿ ಬಿದ್ದರೆ ಹೆಚ್ಚಾಯಿತು. ಆಮೇಲೆ ಕಂಬದ ಉಬ್ಬಿದ ತುದಿಗೆ ವರ್ನಿಯರ್ ಹೊಂದಿಸಿ ಓದಬೇಕು. ಅಲ್ಲಿಗೂ ಮುಗಿಯಲಿಲ್ಲ. ಬಿಸಿಲಿಗೆ ಪಾದರಸ ಹಿಗ್ಗುತ್ತದೆ, ಅಕ್ಷಾಂಶ ಬದಲಾದಂತೆ ಗುರುತ್ವ ಬದಲಾಗುತ್ತದೆ. ಇವೆರಡಕ್ಕೂ ಕೋಷ್ಟಕ ನೋಡಿ ತಿದ್ದಬೇಕು. ಬೇರೆ ಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಕೊನೆಗೆ ಸಮುದ್ರಮಟ್ಟಕ್ಕೆ ಇಳಿಸಬೇಕು. ಬೆಂಗಳೂರಿನ ಗಾಳಿಯ ನಿಜವಾದ ಒತ್ತಡ ಸುಮಾರು 910 ಹೆಕ್ಟೋಪ್ಯಾಸ್ಕಲ್ ಇದ್ದರೂ ಹವಾಮಾನ ವರದಿಯಲ್ಲಿ ಸಾವಿರದ ಮೇಲಿನ ಅಂಕಿ ಕಾಣುವುದು ಈ ಕಾರಣಕ್ಕೆ.

ಉದ್ದದ ಮಾನದ ದೌರ್ಬಲ್ಯವೂ ಇಲ್ಲೇ ಇದೆ, ಅದನ್ನು ಮರೆಮಾಚಬಾರದು. ಒಂದೇ ಒತ್ತಡಕ್ಕೆ ಚಳಿಯಲ್ಲಿ ಒಂದು ಉದ್ದ, ಸೆಕೆಯಲ್ಲಿ ಇನ್ನೊಂದು ಉದ್ದ ಬರುವುದಾದರೆ ಅದು ಶುದ್ಧವಾದ ಮಾನವಲ್ಲ. ಅದಲ್ಲದೆ ಉಗಿಯಂತ್ರದ ಮುಂದೆ ಈ ಮಾನ ಸೋತೇಬಿಟ್ಟಿತು. 1712ರ ನ್ಯೂಕಾಮನ್ ಯಂತ್ರದಲ್ಲಿ ಪಿಸ್ಟನ್ನನ್ನು ಕೆಳಗೊತ್ತುತ್ತಿದ್ದದ್ದು ಹೊರಗಿನ ಗಾಳಿಯೇ, ಅಲ್ಲಿ ಪಾದರಸದ ಕಂಬ ಸಾಕಾಗುತ್ತಿತ್ತು. ವಾಯುಮಂಡಲದ ಹತ್ತು ಪಟ್ಟು ಒತ್ತಡದ ಉಗಿಗೆ ಏಳೂವರೆ ಮೀಟರಿಗೂ ಎತ್ತರದ ಪಾದರಸದ ಕಂಬ ಬೇಕು, ಅದನ್ನು ರೈಲಿನ ಮೇಲೆ ಹೊತ್ತೊಯ್ಯಲಾಗದು. ಇಲ್ಲಿ ಇನ್ನೊಂದು ಕಸುಬಿನ ಅಳತೆ ನೆರವಿಗೆ ಬಂತು. ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮೂಳೆಯನ್ನೂ ಬೇಯಿಸುವ ಬಿಗಿ ಮುಚ್ಚಳದ ಪಾತ್ರೆಯನ್ನು ತೋರಿಸಿದ. ಅದು ಸಿಡಿಯದಿರಲು ಮುಚ್ಚಳದಲ್ಲಿ ಒಂದು ತೂತು, ತೂತಿನ ಮೇಲೆ ಒಂದು ಬಿರಡೆ, ಬಿರಡೆಯನ್ನು ಒತ್ತಿಹಿಡಿಯುವ ಸನ್ನೆಗೋಲಿನ ತುದಿಗೆ ತೂಕದ ಬಟ್ಟು. ಒಳಗಿನ ಉಗಿ ಆ ತೂಕವನ್ನು ಎತ್ತಿದರೆ ಹೊರಹೋಗುತ್ತದೆ. ತೂತಿನ ವಿಸ್ತೀರ್ಣ ಗೊತ್ತು, ತೂಕ ಗೊತ್ತು. ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಮಾನದ ಮೂಲ ಈ ಬಗೆಯ ಲೆಕ್ಕ. ನಮ್ಮ ಅಡುಗೆಮನೆಯ ಕುಕ್ಕರಿನ ಮೇಲೆ ಕೂರುವ ವೆಯ್ಟ್ ಅದರ ನೇರ ಸಂತಾನ, ಅದು ಹಿಡಿದಿಡುವುದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡವನ್ನು.

ಈ ಮಾನದ ಹಿಂದೆ ಸಾವುನೋವಿನ ಇತಿಹಾಸವಿದೆ. 1803ರಲ್ಲಿ ಗ್ರೀನಿಚ್‌ನಲ್ಲಿ ರಿಚರ್ಡ್ ಟ್ರೆವಿಥಿಕನ ಹೆಚ್ಚಿನ ಒತ್ತಡದ ಬಾಯ್ಲರ್ ಸಿಡಿದು ನಾಲ್ವರು ಸತ್ತರು. ಅಲ್ಲಿಂದ ಮುಂದೆ ಅವನು ಎರಡೆರಡು ಸುರಕ್ಷಾ ಕವಾಟ ಹಾಕತೊಡಗಿದ. 1849ರಲ್ಲಿ ಪ್ಯಾರಿಸಿನ ಯೂಜೀನ್ ಬುರ್ದೋನ್ ಚಪ್ಪಟೆಯಾದ ಹಿತ್ತಾಳೆ ಕೊಳವೆಯನ್ನು ಬಿಲ್ಲಿನಂತೆ ಬಾಗಿಸಿ, ಒಳಗೆ ಒತ್ತಡ ಹೆಚ್ಚಿದಾಗ ಅದು ನೆಟ್ಟಗಾಗಲು ಹವಣಿಸುವುದನ್ನು ಹಲ್ಲುಚಕ್ರದ ಮೂಲಕ ಮುಳ್ಳಿಗೆ ದಾಟಿಸಿದ. ಇಂದಿಗೂ ಗ್ಯಾಸ್ ಸಿಲಿಂಡರಿನಿಂದ ಬಾಯ್ಲರಿನವರೆಗೆ ದುಂಡನೆಯ ಗೇಜುಗಳಲ್ಲಿ ಹೆಚ್ಚಿನವು ಅದೇ ಬಗೆಯವು. ಗೇಜಿನ ಮುಖದಿಂದ ಪಾದರಸ ಮಾಯವಾಯಿತು, ತೂತಿನ ಮೇಲಿನ ತೂಕದ ಲೆಕ್ಕ ಮಾತ್ರ ಅಂಕಿಯಾಗಿ ಉಳಿಯಿತು.

ವೈದ್ಯರು ಪಾದರಸವನ್ನು ಬಿಡಲಿಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1733ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಟ್ಟಿ ಮಲಗಿಸಿದ ಹೆಣ್ಣುಕುದುರೆಯ ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆ ತೂರಿಸಿ, ಅದಕ್ಕೆ ಒಂಬತ್ತು ಅಡಿಯ ಗಾಜಿನ ಕೊಳವೆ ಜೋಡಿಸಿದ್ದ. ರಕ್ತ 8 ಅಡಿ 3 ಇಂಚು ಏರಿ, ಎದೆಬಡಿತಕ್ಕೆ ತಕ್ಕಂತೆ ಮೇಲೆ ಕೆಳಗೆ ಆಡುತ್ತ ನಿಂತಿತು. ರಕ್ತದೊತ್ತಡದ ಮೊದಲ ಅಳತೆ ರಕ್ತದ್ದೇ ಉದ್ದ. 1828ರಲ್ಲಿ ಪ್ವಾಸೇಯ್ ರಕ್ತದ ಜಾಗಕ್ಕೆ ಪಾದರಸ ತಂದು ಕೊಳವೆಯನ್ನು ಗಿಡ್ಡ ಮಾಡಿದ; ಅಲ್ಲಿಂದ ಮಿಲಿಮೀಟರ್ ಬಂತು. 1896ರಲ್ಲಿ ಇಟಲಿಯ ರೀವಾ ರೋಚ್ಚಿ ರಕ್ತನಾಳ ಕೊಯ್ಯದೆ ತೋಳಿಗೆ ಪಟ್ಟಿ ಕಟ್ಟುವ ಉಪಾಯ ಕಂಡುಹಿಡಿದ, 1905ರಲ್ಲಿ ರಷ್ಯದ ಕೊರೊಟ್ಕೊವ್ ಪಟ್ಟಿಯ ಕೆಳಗೆ ಸ್ಟೆತೋಸ್ಕೋಪಿಟ್ಟು ಸದ್ದು ಕೇಳಿ ಕೆಳಗಿನ ಅಂಕಿಯನ್ನೂ ಹಿಡಿದ. ಇದೇ 120/80ರ ವಂಶಾವಳಿ.

1954ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಪ್ರಮಾಣಿತ ವಾಯುಮಂಡಲದ ಒತ್ತಡವನ್ನು ಚದರ ಮೀಟರಿಗೆ 1,01,325 ನ್ಯೂಟನ್ ಎಂದು ನಿಗದಿ ಮಾಡಿತು. 1971ರಲ್ಲಿ ಚದರ ಮೀಟರಿಗೆ ಒಂದು ನ್ಯೂಟನ್ ಎಂಬ ಮಾನಕ್ಕೆ ಪ್ಯಾಸ್ಕಲ್ ಎಂದು ಹೆಸರಿಟ್ಟಿತು. ಬಿಸಿಲು, ಅಕ್ಷಾಂಶ, ದ್ರವದ ಹಂಗಿಲ್ಲದ ಮಾನ ಕೊನೆಗೂ ಸಿಕ್ಕಿತು. ಅದು ತೀರ ಚಿಕ್ಕದು. ಕಚೇರಿಯಲ್ಲಿ ಬಳಸುವ ಕಾಗದದ ಒಂದೇ ಹಾಳೆಯನ್ನು ಮೇಜಿನ ತುಂಬ ಹಾಸಿದರೆ ಅದು ಮೇಜನ್ನು ಒತ್ತುವುದು ಒಂದು ಪ್ಯಾಸ್ಕಲಿಗಿಂತ ಸ್ವಲ್ಪ ಕಡಿಮೆ. ಅದು ಕಿಲೋ, ಹೆಕ್ಟೋ ಎಂಬ ಗುಣಕಗಳಿಲ್ಲದೆ ಬಳಕೆಗೆ ಬಾರದು. ಹವಾಮಾನದವರು ಇಪ್ಪತ್ತನೆಯ ಶತಮಾನದ ಆರಂಭದಿಂದ ಮಿಲಿಬಾರ್ ಬಳಸುತ್ತಿದ್ದರು. ಅವರು ಪ್ಯಾಸ್ಕಲ್ ವ್ಯವಸ್ಥೆಗೆ ಬಂದಾಗ ಆರಿಸಿಕೊಂಡದ್ದು ಹೆಕ್ಟೋಪ್ಯಾಸ್ಕಲನ್ನು, ಯಾಕೆಂದರೆ ಒಂದು ಮಿಲಿಬಾರ್ ಎಂದರೆ ಸರಿಯಾಗಿ ಒಂದು ಹೆಕ್ಟೋಪ್ಯಾಸ್ಕಲ್, ಒಂದು ಅಂಕಿಯನ್ನೂ ಬದಲಿಸಬೇಕಿಲ್ಲ. 990ಕ್ಕೆ ಇಳಿದರೆ ಏನರ್ಥ ಎಂಬುದು ನಾವಿಕರ, ಮುನ್ಸೂಚನೆಯವರ ಮೈಗೂಡಿದ್ದ ತಿಳಿವಳಿಕೆ. ಅದನ್ನು ಮುರಿಯದೆ ಹೆಸರು ಮಾತ್ರ ಬದಲಾಯಿತು.

ಇಷ್ಟೊಂದು ಮಾನಗಳನ್ನು ಉಳಿಸಿಕೊಳ್ಳುವುದು ಅಪಾಯ ಎಂಬ ಆಕ್ಷೇಪಕ್ಕೆ ಬಲವಿದೆ. ಅಮೆರಿಕದಲ್ಲಿ ವಿಮಾನದ ಎತ್ತರಮಾಪಕವನ್ನು ಪಾದರಸದ ಇಂಚಿನಲ್ಲಿ, ಭಾರತವೂ ಸೇರಿ ಬಹುಪಾಲು ಜಗತ್ತಿನಲ್ಲಿ ಹೆಕ್ಟೋಪ್ಯಾಸ್ಕಲಿನಲ್ಲಿ ಹೊಂದಿಸುತ್ತಾರೆ. 992 ಎಂದದ್ದನ್ನು 29.92 ಎಂದು ಕೇಳಿಸಿಕೊಂಡು ಹೊಂದಿಸಿದರೆ ಉಪಕರಣ ತೋರುವ ಎತ್ತರ ನಿಜಕ್ಕಿಂತ ಸುಮಾರು 600 ಅಡಿ ಹೆಚ್ಚು, ಇಳಿಯುವ ವಿಮಾನಕ್ಕೆ ಅದು ಪ್ರಾಣಾಂತಿಕ ತಪ್ಪು. ಆದುದರಿಂದ ಒಂದೇ ಕೆಲಸದೊಳಗೆ ಎರಡು ಮಾನ ಇರಬಾರದು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದರಿಂದ ಎಲ್ಲ ಕೆಲಸಗಳಿಗೂ ಒಂದೇ ಮಾನ ಎಂಬ ತೀರ್ಮಾನ ಬರುವುದಿಲ್ಲ. ವೈದ್ಯರನ್ನು ಕಿಲೋಪ್ಯಾಸ್ಕಲಿಗೆ ತರುವ ಪ್ರಯತ್ನ ಬಹುಪಾಲು ದೇಶಗಳಲ್ಲಿ ನೆಲೆಯೂರಲಿಲ್ಲ. 120/80 ಎಂಬುದು 16/10.7 ಆಗುತ್ತದೆ, ಐದು ಮಿಲಿಮೀಟರಿನ ವ್ಯತ್ಯಾಸಕ್ಕೆ ಔಷಧ ಬದಲಿಸುವವರು ಅಲ್ಲಿ ದಶಾಂಶವನ್ನು ಹಿಡಿದುಕೊಂಡು ಕೆಲಸ ಮಾಡಬೇಕಾದೀತು. ನೂರು ವರ್ಷಗಳ ರೋಗಿಗಳ ದಾಖಲೆ ಇರುವುದೂ ಹಳೆಯ ಅಂಕಿಯಲ್ಲೇ. ಪಾದರಸದ ವಿಷದಿಂದಾಗಿ 2013ರ ಮಿನಮಾಟ ಒಪ್ಪಂದದ ಬಳಿಕ ಆಸ್ಪತ್ರೆಗಳಿಂದ ಪಾದರಸದ ಉಪಕರಣಗಳು ಹೊರಹೋಗುತ್ತಿವೆ, ಅದು ಆಗಲೇಬೇಕಾದ ಕೆಲಸ. ಹನಿ ಪಾದರಸವೂ ಇಲ್ಲದ ಯಂತ್ರದ ಪರದೆಯ ಮೇಲೆ ಅದರ ಮಿಲಿಮೀಟರ್ ಮುಂದುವರಿದಿರುವುದನ್ನು ನಾನು ಅವ್ಯವಸ್ಥೆ ಎನ್ನಲಾರೆ.

ಬದಲಾಗಬೇಕಾದದ್ದು ಕಲಿಸುವ ಕ್ರಮ. ಬಯಲುಸೀಮೆಯ ತೆರೆದ ಬಾವಿಗಳಲ್ಲಿ ನೀರು ಆಳಕ್ಕೆ ಹೋದಂತೆ ಪಂಪುಸೆಟ್ಟನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸುತ್ತಿದ್ದ ರೈತರು, ದಡದ ಮೇಲಿಟ್ಟ ಪಂಪು 25 ಅಡಿಗಿಂತ ಕೆಳಗಿನ ನೀರನ್ನು ಎಳೆಯದು ಎಂಬುದನ್ನು ಸೂತ್ರವಿಲ್ಲದೆಯೇ ತಿಳಿದಿದ್ದರು. ಅವರ ಮಕ್ಕಳಿಗೆ ಬಲ ಭಾಗಿಸು ವಿಸ್ತೀರ್ಣ ಎಂಬುದನ್ನು ಮೊದಲು ಕೊಟ್ಟು, ಟೊರಿಸೆಲ್ಲಿಯನ್ನು ಪೆಟ್ಟಿಗೆಯೊಳಗಿನ ಚಿತ್ರವಾಗಿ ಇಟ್ಟರೆ ಒತ್ತಡ ಕಣ್ಣಿಗೆ ಕಾಣದೆಯೇ ಉಳಿಯುತ್ತದೆ. ವಿಷದ ಪಾದರಸ ಬೇಕಿಲ್ಲ. ಗೋಡೆ ದಪ್ಪವಿರುವ 11 ಮೀಟರಿನ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಕುದಿಸಿ ಆರಿಸಿದ ಬಣ್ಣದ ನೀರು, ಒಂದು ಬಕೆಟ್, ನಾಲ್ಕು ಅಂತಸ್ತಿನ ಕಟ್ಟಡ ಇದ್ದರೆ ಬೆರ್ತಿಯ ಪ್ರಯೋಗ ಮಾಡಬಹುದು. ಕರ್ನಾಟಕದಲ್ಲಿ ಅದಕ್ಕಿಂತ ಹೆಚ್ಚಿನದೂ ಸಾಧ್ಯ. ಮಂಗಳೂರಿನಿಂದ ಬೆಂಗಳೂರಿಗೆ ಏರುವುದು 900 ಮೀಟರ್, ಪೆರಿಯೆ ಹತ್ತಿದ ಬೆಟ್ಟದಷ್ಟೇ ಹೆಚ್ಚುಕಡಿಮೆ. ನೀರಿನ ಆವಿ ಕೆಳಗೊತ್ತುವ ಒಂದಡಿಯನ್ನು ಕಳೆದರೆ ಮಂಗಳೂರಿನ ಶಾಲೆಯ ಕೊಳವೆಯಲ್ಲಿ ನೀರು ಸುಮಾರು 10 ಮೀಟರಿಗೆ ನಿಲ್ಲಬೇಕು, ಅದೇ ದಿನ ಬೆಂಗಳೂರಿನ ಶಾಲೆಯಲ್ಲಿ 9ಕ್ಕೆ. ಎರಡು ಶಾಲೆಯ ಮಕ್ಕಳು ಫೋನಿನಲ್ಲಿ ಅಂಕಿ ಹೇಳಿಕೊಂಡರೆ ಘಟ್ಟದ ಕೆಳಗೂ ಮೇಲೂ ಇರುವ ಗಾಳಿಯ ವ್ಯತ್ಯಾಸ ಒಂದು ಮೀಟರ್ ನೀರಾಗಿ ಅವರಿಗೆ ಸಿಗುತ್ತದೆ, ಆಮೇಲೆ ಅದನ್ನು ಪ್ಯಾಸ್ಕಲಿಗೆ ಬದಲಿಸುವ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದುಕೊಡಬಹುದು.